ಆ ಕ್ಲಬ್ಬಿನ ಲೆಕ್ಕಪತ್ರ ತರಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಸಾದರ ನಮಸ್ಕಾರಗಳು.

ರಾಯಚೂರು ಜಿಲ್ಲೆಯ ನಮ್ಮ ತಾಲ್ಲೂಕು ಕೇಂದ್ರದಲ್ಲಿ, ಹಳೇ ಬಜಾರಿನ ಹಿಂದಿನ ಓಣಿಯಲ್ಲಿ, ‘ರಿಕ್ರಿಯೇಷನ್ ಕ್ಲಬ್’ ಎಂಬ ಫಲಕ ತೂಗುಹಾಕಿಕೊಂಡ ಎರಡಂತಸ್ತಿನ ಕಟ್ಟಡವೊಂದಿದೆ. ಒಳಗೆ ನಡೆಯುವುದು ರೊಕ್ಕ ಕಟ್ಟಿ ಆಡುವ ಇಸ್ಪೀಟು. ಆ ಕ್ಲಬ್ಬಿನ ಸದಸ್ಯರ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ತರಿಸಿ ತಪಾಸಣೆ ಮಾಡಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಬಹಿರಂಗವಾಗಿ ಏಕೆ ಎಂದು ತಾವು ಕೇಳಬಹುದು. ಲಕೋಟೆಯಲ್ಲಿಟ್ಟು ಕೊಟ್ಟ ಅರ್ಜಿ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು ನನಗೆ ತಿಳಿದುಹೋಗಿದೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ನಾನು ತಾಲ್ಲೂಕು ಕಚೇರಿಯ ಆವರಣದಲ್ಲಿ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕೂರುವ ಪತ್ರ ಬರಹಗಾರ. ಜನರಿಗೆ ಪಹಣಿ ತಿದ್ದುಪಡಿಯ ಅರ್ಜಿಯಿಂದ ಹಿಡಿದು ಆಸ್ತಿ ಪಾಲು ಮಾಡಿಕೊಳ್ಳುವ ವಾಟ್ನಿ ಪತ್ರದವರೆಗೆ ಎಲ್ಲವನ್ನೂ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತಿರುವವನು. ಎಡದಂಡೆ ಕಾಲುವೆಯ ನೀರು ಕಂಡ ನಮ್ಮ ಸೀಮೆಯಲ್ಲಿ ಭತ್ತದ ರಾಶಿ ಮುಗಿದು ಗಿರಣಿಯಿಂದ ರೊಕ್ಕ ಕೈಗೆ ಬರುವ ದಿನಗಳಲ್ಲಿ ನಮ್ಮ ಮೇಜುಗಳ ಮುಂದೆ ಯಾವ ಬಗೆಯ ಪತ್ರಗಳು ಹೆಚ್ಚುತ್ತವೆ ಎಂಬುದನ್ನು ತಾವು ಒಂದು ದಿನ ಬಂದು ಕುಳಿತು ನೋಡಬೇಕು. ಜಮೀನು ಕೊಳ್ಳುವ ಪತ್ರಗಳು ಹೆಚ್ಚಬೇಕಲ್ಲವೇ? ಹೆಚ್ಚುವುದು ಮುಂಗಡ ಪಡೆದು ಜಮೀನು ಮಾರಲು ಒಪ್ಪುವ ಸಂಚಕಾರ ಪತ್ರಗಳು ಮತ್ತು ಕೈಗಡ ಪತ್ರಗಳು. ಇಸ್ಪೀಟಿನ ಮೇಜಿನ ಬಳಿಯೇ ದಿನದಿನಕ್ಕೂ ಏರುವ ಮೀಟರ್ ಬಡ್ಡಿಗೆ ಸಾಲ ಕೊಡುವವರು ಇರುತ್ತಾರೆ. ಮಧ್ಯರಾತ್ರಿ ಖಾಲಿ ಛಾಪಾ ಕಾಗದಕ್ಕೆ ಸಹಿ ಮಾಡಿಸಿಕೊಂಡು, ಬೆಳಿಗ್ಗೆ ಅದರಲ್ಲಿ ಒಕ್ಕಣೆ ತುಂಬಿಸಲು ನಮ್ಮಲ್ಲಿಗೆ ಬರುತ್ತಾರೆ. ಜೂಜಿನ ಕರಾರು ಊರ್ಜಿತವಲ್ಲ ಎಂದು 1872 ರ ಕರಾರು ಕಾಯ್ದೆಯ 30ನೇ ಕಲಂ ಹೇಳುತ್ತದೆ, ಅದು ಅವರಿಗೂ ಗೊತ್ತು. ಆದುದರಿಂದ ಪ್ರತಿಯೊಂದು ಪತ್ರದಲ್ಲಿಯೂ ‘ನನ್ನ ಮನೆಯ ಅಡಚಣೆಯ ನಿಮಿತ್ತ’ ಎಂದೇ ಬರೆಸುತ್ತಾರೆ. ಅಂಥ ಪತ್ರ ಬರೆಯಲು ನಾನು ಒಪ್ಪದಿದ್ದರೆ ಪಕ್ಕದ ಮೇಜಿಗೆ ಹೋಗುತ್ತಾರೆ. ಮರುದಿನ ನನ್ನ ಕಾಯಂ ಗಿರಾಕಿಗಳಿಬ್ಬರು ಮುಖ ತಪ್ಪಿಸಿ ಅದೇ ಮೇಜಿಗೆ ಹೋಗುತ್ತಾರೆ.

ಇದನ್ನೆಲ್ಲ ಊರ ಕಥೆಯೆಂದು ಸಹಿಸಿಕೊಂಡೇ ಇದ್ದೆ. ಹೋದ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಪಕ್ಕದ ಮೇಜಿನವರು ಒಂದು ಸಂಚಕಾರ ಪತ್ರವನ್ನು ಬರೆದು ಮುಗಿಸಿ, ಪದ್ಧತಿಯಂತೆ ಗಟ್ಟಿಯಾಗಿ ಓದುತ್ತಿದ್ದರು. ಸರ್ವೆ ನಂಬರ್ ಎಲ್ಲೋ ಕೇಳಿದ ಹಾಗೆ ಅನಿಸಿತು. ಹೊಲದ ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚಕ್ಕುಬಂದಿಗೆ ಬಂದಾಗ ‘ಪೂರ್ವಕ್ಕೆ’ ಎಂದು ಹೇಳಿ ಅವರು ಓದಿದ ಹೆಸರು ನನ್ನದೇ. ಮಾರಾಟಕ್ಕೆ ನಿಂತಿದ್ದುದು ನನ್ನ ತಮ್ಮನ ಪಾಲಿಗೆ ಬಂದ ಎರಡೂವರೆ ಎಕರೆ. ಅವನು ಮಡಿಚಿದ ಟವೆಲ್ಲು ಹಿಡಿದುಕೊಂಡು ಅಲ್ಲೇ ನಿಂತಿದ್ದ, ನನ್ನ ಕಡೆ ತಿರುಗಲಿಲ್ಲ. ಆ ಹೊಲದ ಬದುವಿನ ಮೇಲೆ ನಮ್ಮ ಅವ್ವನ ಸಮಾಧಿ ಇದೆ, ಅದನ್ನು ಚಕ್ಕುಬಂದಿಯಲ್ಲಿ ಬರೆಯುವ ಪದ್ಧತಿ ಇಲ್ಲ. ಕ್ಷಮಿಸಿ, ಇದು ತಮಗೆ ಸಂಬಂಧಿಸಿದ ವಿಷಯವಲ್ಲ.

ತಮಗೆ ಸಂಬಂಧಿಸಿದ ವಿಷಯ ಕಾನೂನು, ಅದನ್ನು ಮಾಡುವ ಸಭೆಯಲ್ಲಿ ತಾವು ಕೂರುತ್ತೀರಿ. ಜೂಜು ಮತ್ತು ಪಣ ಕಟ್ಟುವುದು ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯ ಪಟ್ಟಿಗೆ ಸೇರಿದ್ದು, ಅಂದರೆ ಇದರ ಹೊಣೆಯನ್ನು ದೆಹಲಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಬರುವುದಿಲ್ಲ ಎಂಬುದು ತಮಗೆ ತಿಳಿದದ್ದೇ. 1963 ರ ಕರ್ನಾಟಕ ಪೊಲೀಸ್ ಕಾಯ್ದೆಯ 79ನೇ ಕಲಂ ಜೂಜಿನ ಮನೆ ನಡೆಸುವವರಿಗೆ, 80ನೇ ಕಲಂ ಅಲ್ಲಿ ಸಿಕ್ಕಿಬಿದ್ದವರಿಗೆ ಎಂಬುದೂ ತಿಳಿದದ್ದೇ. ಕ್ಲಬ್ಬಿನವರು ಇವೆರಡನ್ನೂ ಬಿಟ್ಟು ಕೌಶಲದ ಆಟಗಳಿಗೆ ವಿನಾಯಿತಿ ಕೊಡುವ 176ನೇ ಕಲಮನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದಾರೆ. ಕೇಳಿದವರಿಗೆಲ್ಲ ‘ರಮ್ಮಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟೇ ಹೇಳಿದೆ’ ಎನ್ನುತ್ತಾರೆ. ಹೇಳಿರುವುದು ನಿಜ. 1967 ರಲ್ಲಿ, ನಮ್ಮ ನೆರೆಯ ಸಿಕಂದರಾಬಾದಿನ ಒಂದು ರಿಕ್ರಿಯೇಷನ್ ಕ್ಲಬ್ಬಿನ ಪ್ರಕರಣದಲ್ಲಿಯೇ ಹೇಳಿದೆ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂಬ ತಿಳಿವಳಿಕೆ ಬೇಕು, ಆದ್ದರಿಂದ ಅದು ಮೂರೆಲೆ ಆಟದಂತೆ ಬರೀ ಅದೃಷ್ಟದ್ದಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಪಣವಿಟ್ಟು ಆಡುವ ಆಟದಿಂದ ಕ್ಲಬ್ಬಿನ ಮಾಲೀಕನೇ ಲಾಭ ಮಾಡಿಕೊಳ್ಳುತ್ತಿದ್ದಾನೆ ಎಂಬುದಕ್ಕೆ ಸಾಕ್ಷ್ಯ ಸಿಕ್ಕಿದರೆ ಅಪರಾಧ ಸಾಬೀತಾಗಬಹುದು. ಈ ಎರಡನೆಯ ಮಾತನ್ನು ಕ್ಲಬ್ಬಿನವರು ಓದುವುದಿಲ್ಲ, ಅವರು ಓದಬೇಕೆಂದು ನಾನು ನಿರೀಕ್ಷಿಸುವುದೂ ಇಲ್ಲ. ಸರ್ಕಾರ ಓದಬೇಕಿತ್ತು.

ಅಂದಮೇಲೆ ಪ್ರಶ್ನೆ ಉಳಿಯುವುದು ಒಂದೇ: ಪ್ರತಿಯೊಂದು ಸುತ್ತಿಗೂ ಮೇಜಿನಿಂದ ತೆಗೆದಿಡುವ ರೊಕ್ಕ ಯಾರ ಜೇಬಿಗೆ ಹೋಗುತ್ತದೆ? ಇಂಥ ಕ್ಲಬ್ಬುಗಳು 1960 ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರುತ್ತವೆ. ಹಾಗೆ ನೋಂದಣಿಯಾದ ಸಂಘ ಪ್ರತಿವರ್ಷ ತನ್ನ ಲೆಕ್ಕವನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ಸಲ್ಲಿಸಬೇಕು. ಊರಿನ ಭಜನಾ ಸಂಘದವರು ಒಂದು ವರ್ಷ ತಡ ಮಾಡಿದರೆ ದಂಡ ಕಟ್ಟಲು ಓಡಾಡುತ್ತಾರೆ, ಅವರ ಅರ್ಜಿ ಬರೆಯುವವನು ನಾನೇ. ಈ ಕ್ಲಬ್ಬಿನ ಲೆಕ್ಕದಲ್ಲಿ ಏನಿದೆ? ತೆಲಂಗಾಣ ಸರ್ಕಾರ 2017 ರಲ್ಲಿ ತನ್ನ ಜೂಜು ಕಾಯ್ದೆಗೆ ತಿದ್ದುಪಡಿ ತಂದು ರಮ್ಮಿಗಿದ್ದ ವಿನಾಯಿತಿಯನ್ನೂ ತೆಗೆದುಹಾಕಿತು. ಇತ್ತ ನಮ್ಮ ಓಣಿಯಲ್ಲಿ ಶನಿವಾರ ರಾತ್ರಿ ನಿಲ್ಲುವ ಕಾರುಗಳ ನಂಬರ್ ಫಲಕ ಓದಿದರೆ ಕೃಷ್ಣೆಯ ಆಚೆಯವರು ಎಷ್ಟು, ತುಂಗಭದ್ರೆಯ ಆಚೆಯವರು ಎಷ್ಟು ಎಂದು ಎಣಿಸಬಹುದು. ಅವರೆಲ್ಲ ಈ ಸಂಘದ ಸದಸ್ಯರೇ? ಪಟ್ಟಿ ತರಿಸಿ ನೋಡಿ. ರಾತ್ರಿ ಹತ್ತರ ನಂತರ ರಮ್ಮಿ ಮುಗಿದು ಮೂರೆಲೆಯೂ ಅಂದರ್ ಬಾಹರೂ ಶುರುವಾಗುವುದು ನಮ್ಮ ಅಡುಗೆಮನೆಯ ಕಿಟಕಿಗೆ ಕೇಳಿಸುತ್ತದೆ, ಬೀಟ್ ಪೊಲೀಸರಿಗೆ ಕೇಳಿಸುವುದಿಲ್ಲ. ಪಿಯುಸಿ ಓದುತ್ತಿರುವ ನನ್ನ ಮಗಳನ್ನು ಈ ಗದ್ದಲಕ್ಕೂ, ಗೇಟಿನ ಮುಂದೆ ನಿಂತು ಕುಡಿಯುವವರಿಗೂ ಹೆದರಿ ಅಜ್ಜಿಯ ಊರಿಗೆ ಕಳಿಸಿದ್ದೇವೆ.

ಪೊಲೀಸರು ಕೆಲಸ ಮಾಡುವುದೇ ಇಲ್ಲವೆಂದು ನಾನು ಹೇಳುವುದಿಲ್ಲ. ಅದೇ ಕ್ಲಬ್ಬಿನ ಎದುರಿನ ಚಹಾದಂಗಡಿಯ ಕಟ್ಟೆಯ ಮೇಲೆ ಮಟ್ಕಾ ನಂಬರ್ ಬರೆದುಕೊಳ್ಳುತ್ತಿದ್ದ ವಯಸ್ಸಾದವನೊಬ್ಬನನ್ನು ಮೊನ್ನೆ ಜೀಪಿನಲ್ಲಿ ಕರೆದೊಯ್ದರು. ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವುದಾಗಿ ಜನರನ್ನು ನಂಬಿಸಿದ ಆರೋಪ. ನಂಬರುಗಳು ನೂರು, ಕೊಡುವುದು ಎಂಬತ್ತು, ಉಳಿದ ಇಪ್ಪತ್ತು ಬರೆಸಿಕೊಳ್ಳುವವರ ಪಾಲು. ಇದು ಮೋಸವೇ ಸರಿ, ಅವನನ್ನು ಹಿಡಿದದ್ದಕ್ಕೆ ನನ್ನ ತಕರಾರಿಲ್ಲ. ಜಪ್ತಿ ಪಂಚನಾಮೆಗೆ ಪಂಚನಾಗಿ ಸಹಿ ಮಾಡಲು ನನ್ನನ್ನೇ ಕರೆದಿದ್ದರು: ನಗದು ನಾನೂರ ಮೂವತ್ತು ರೂಪಾಯಿ, ಒಂದು ಮಟ್ಕಾ ಚೀಟಿ, ಒಂದು ಬಾಲ್ ಪೆನ್ನು. ಆ ಬಾಲ್ ಪೆನ್ನನ್ನು ಕವರಿನಲ್ಲಿ ಹಾಕಿ ಅರಗಿನ ಮುದ್ರೆ ಒತ್ತುತ್ತಿದ್ದಾಗ ಎದುರಿನ ಕಟ್ಟಡದ ಮೇಲಂತಸ್ತಿನಿಂದ ನಾಲ್ಕಾರು ಮಂದಿ ಸಿಗರೇಟು ಸೇದುತ್ತ ಈ ತಮಾಷೆ ನೋಡುತ್ತಿದ್ದರು.

ಈಗ ಮೇಲೆ ಹೇಳಿದ ಆ ಸಂಗತಿ. ಪಂಚನಾಮೆಯಾದ ಮೇಲೆ ನಾನು ಮನೆಗೆ ಹೋಗಿ, ಕ್ಲಬ್ಬಿನ ವಿರುದ್ಧ ಎರಡು ಪುಟದ ದೂರನ್ನು ನೀಟಾಗಿ ಬರೆದು, ಸಂಬಂಧಪಟ್ಟವರಿಗೆ ಲಕೋಟೆಯಲ್ಲಿ ಕೊಟ್ಟು ಸ್ವೀಕೃತಿ ಕೇಳಿದೆ. ‘ಸಾಹೇಬರು ನೋಡಿದ ಮೇಲೆ ಕೊಡುತ್ತೇವೆ’ ಎಂದರು. ಅದೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಕ್ಲಬ್ಬಿನವನೊಬ್ಬ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತು, ನನ್ನ ಹೆಂಡತಿಯನ್ನು ‘ಅಕ್ಕಾರೆ’ ಎಂದು ಮಾತನಾಡಿಸಿ ನೀರು ಕೇಳಿ ಕುಡಿದು, ಮೊಬೈಲ್ ತೆಗೆದು ತೋರಿಸಿದ. ಪರದೆಯ ಮೇಲೆ ನನ್ನ ದೂರಿನ ಎರಡೂ ಪುಟಗಳಿದ್ದವು. “ಅಕ್ಷರ ಭಾಳ ಚೆಂದ ಅದಾವ್ರಿ ನಿಮ್ಮವು. ನಮ್ಮ ಕ್ಲಬ್ಬಿನ ಬಾಡಿಗಿ ಪತ್ರಾನೂ ಮುಂದಿನ ಸರ್ತಿ ನೀವ ಬರೀರಲ್ಲ” ಎಂದ. ಮಗಳು ಯಾವ ಕಾಲೇಜು ಎಂದೂ ವಿಚಾರಿಸಿದ. ಹೋಗುವಾಗ ಚಪ್ಪಲಿ ಮೆಟ್ಟಿಕೊಂಡು ಕೈ ಮುಗಿದ. ಸ್ವೀಕೃತಿ ನನಗೆ ಇಂದಿಗೂ ಬಂದಿಲ್ಲ. ಬಹುಶಃ ಅವನು ಬಂದದ್ದೇ ಸ್ವೀಕೃತಿಯಿರಬೇಕು.

ಇಂಥ ಸಮಯದಲ್ಲಿ ನಾಗರಿಕನೊಬ್ಬ ತನ್ನ ಶಾಸಕರ ಬಳಿಗೆ ಹೋಗುವುದು ವಾಡಿಕೆ. ನಾನೂ ಹೊರಟಿದ್ದೆ. ಓಣಿಯ ತಿರುವಿನಲ್ಲಿ ಕ್ಲಬ್ಬಿನ ವಾರ್ಷಿಕೋತ್ಸವದ ಫ್ಲೆಕ್ಸ್ ಕಟ್ಟಿದ್ದರು, ಅದರಲ್ಲಿ ಕೈ ಮುಗಿದು ನಿಂತವರು ತಾವೇ. ಅನುಮತಿಯಿಲ್ಲದೆ ಹಾಕಿದ್ದಾರೆ ಎಂದೇ ನಾನು ಭಾವಿಸಿಕೊಂಡಿದ್ದೇನೆ. ಹಾಗೆಯೇ ಭಾವಿಸಿಕೊಂಡಿರಲು ಅವಕಾಶ ಮಾಡಿಕೊಡಿ, ಲೆಕ್ಕಪತ್ರ ತರಿಸಿ.

ಸರ್ಕಾರಗಳಿಗೆ ಇದು ಅಸಾಧ್ಯವಾದ ಕೆಲಸವೆಂದು ಮಾತ್ರ ಹೇಳಬೇಡಿ. ಕೇರಳ 1967 ರಿಂದ ತಾನೇ ಲಾಟರಿ ನಡೆಸುತ್ತಿದೆ. ಅಲ್ಲಿನ ಓಣಂ ಬಂಪರ್ 2024 ರಲ್ಲಿ ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೇ ಬಂತು. ಗೋವಾ ಮಾಂಡೋವಿ ನದಿಯ ಮೇಲೆ ಕ್ಯಾಸಿನೊ ಹಡಗುಗಳಿಗೆ ಪರವಾನಗಿ ಕೊಟ್ಟು ಶುಲ್ಕ ವಸೂಲು ಮಾಡುತ್ತದೆ. ನಮ್ಮದೇ ರಾಜ್ಯ 2007 ರಲ್ಲಿ ಲಾಟರಿಯನ್ನು ಒಂದೇ ಏಟಿಗೆ ನಿಲ್ಲಿಸಿತು, ಕುದುರೆ ರೇಸನ್ನು ಪರವಾನಗಿಯಡಿ ಇಟ್ಟುಕೊಂಡಿತು; ಅದರ ಮೇಲೆ 2025 ರ ಸೆಪ್ಟೆಂಬರಿನಿಂದ ಶೇ. 40 ಜಿಎಸ್‌ಟಿ ಇದೆ. ಇವೆಲ್ಲ ಒಳ್ಳೆಯವೆಂದು ನನ್ನ ವಾದವಲ್ಲ, ಕೇರಳದ ಹಾದಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಆದರೆ ಪ್ರತಿಯೊಂದು ಕಡೆಯೂ ಒಂದು ಸರ್ಕಾರ ಒಂದು ತೀರ್ಮಾನ ಮಾಡಿ ಅದಕ್ಕೆ ಸಹಿ ಹಾಕಿದೆ. ನಮ್ಮ ಓಣಿಯಲ್ಲಿ ಸರ್ಕಾರ ಆಟವನ್ನು ನಡೆಸುವುದೂ ಇಲ್ಲ, ನಿಯಂತ್ರಿಸುವುದೂ ಇಲ್ಲ, ಮುಚ್ಚುವುದೂ ಇಲ್ಲ. 2025 ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಎಂದಿತು; ಆಡಿದವನನ್ನು ಶಿಕ್ಷೆಯಿಂದ ಬಿಟ್ಟಿತು. ಆ ಕಾಯ್ದೆ ಕಂಡು ನಾನು ಸಂತೋಷಪಟ್ಟವನು. ಆದರೆ ಮೊಬೈಲಿನಲ್ಲಿ ರಮ್ಮಿ ಆಡುತ್ತಿದ್ದ ನಮ್ಮೂರಿನ ಹುಡುಗರನ್ನು ನಾನು ಈಗ ಈ ಕ್ಲಬ್ಬಿನ ಮೆಟ್ಟಿಲ ಮೇಲೆ ನೋಡುತ್ತಿದ್ದೇನೆ. ಮೊಬೈಲಿನಲ್ಲಾದರೆ ಕಂಪನಿಯ ಹೆಸರಾದರೂ ಗೊತ್ತಿತ್ತು.

ದಯವಿಟ್ಟು ದಾಳಿ ಮಾಡಿಸಬೇಡಿ. ದಾಳಿಯ ಸುದ್ದಿ ದಾಳಿಗಿಂತ ಮೊದಲೇ ತಲುಪುವ ಊರು ನಮ್ಮದು. ಜೀಪು ಬರುವಷ್ಟರಲ್ಲಿ ಮೇಜಿನ ಮೇಲೆ ಕೇರಂ ಬೋರ್ಡು ಇರುತ್ತದೆ. ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳಿಗೆ ತಮ್ಮ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಯಿರಿ: ಈ ಸಂಘದ ಸದಸ್ಯರ ಪಟ್ಟಿ, ಕಳೆದ ಐದು ವರ್ಷಗಳ ಲೆಕ್ಕಪತ್ರ, ಮೇಜಿನ ಶುಲ್ಕದ ರಸೀದಿ ಪುಸ್ತಕ, ಇವನ್ನು ತರಿಸಿ ತಪಾಸಣೆ ಮಾಡಿ, ವರದಿಯನ್ನು ತಾಲ್ಲೂಕು ಕಚೇರಿಯ ಫಲಕಕ್ಕೆ ಅಂಟಿಸಬೇಕು. ಲಾಭ ಯಾರಿಗೆ ಹೋಗುತ್ತಿದೆ ಎಂಬುದು ಅದರಲ್ಲಿ ಕಂಡರೆ 79ನೇ ಕಲಂ ಹಚ್ಚಲಿ. ಕಾಣದಿದ್ದರೆ, ರಸೀದಿ ಪುಸ್ತಕವೇ ಇಲ್ಲದಿದ್ದರೆ, ಅದೇಕೆ ಇಲ್ಲ ಎಂದು ಕೇಳಲಿ. ಲೆಕ್ಕಪತ್ರ ತರಿಸಿ ಎಂಬುದಕ್ಕಿಂತ ಹೆಚ್ಚಿನದನ್ನು ನಾನು ಕೇಳುತ್ತಿಲ್ಲ.

ತಮಗೆ ಸಮಯವಿಲ್ಲದಿದ್ದರೆ ಆ ಪತ್ರದ ಕರಡನ್ನು ನಾನೇ ಸಿದ್ಧಪಡಿಸಿಕೊಡುತ್ತೇನೆ, ತಾವು ಸಹಿ ಮಾಡಿದರೆ ಸಾಕು. ಬರಹದ ಕೂಲಿ ಬೇಡ. ಬೇವಿನ ಮರದ ಕೆಳಗೆ ಎಡಗಡೆಯ ಮೊದಲನೆಯ ಮೇಜು. ಕಚೇರಿ ತೆರೆದಿರುವ ದಿನಗಳಲ್ಲಿ ಸಂಜೆ ಐದರವರೆಗೆ ಅಲ್ಲಿಯೇ ಇರುತ್ತೇನೆ.

ಇತಿ ತಮ್ಮ ಕ್ಷೇತ್ರದ ಮತದಾರ,
ಒಬ್ಬ ಪತ್ರ ಬರಹಗಾರ
ರಾಯಚೂರು ಜಿಲ್ಲೆ