ನಮ್ಮ ಪಂಚಾಯ್ತಿಯ ಎಲ್ಲರಿಗೂ ನಮಸ್ಕಾರ

2020ರ ಡಿಸೆಂಬರಿನಲ್ಲಿ ಓಟು ಹಾಕಿ ನನ್ನನ್ನು ಗ್ರಾಮ ಪಂಚಾಯ್ತಿಗೆ ಕಳಿಸಿದಿರಿ. ಆ ಐದು ವರ್ಷದ ಅವಧಿ ಈಗ ಮುಗಿದಿದೆ. ಎರಡನೇ ಅರ್ಧದಲ್ಲಿ ಅಧ್ಯಕ್ಷೆಯೂ ಆದೆ. ಮಂಡ್ಯ ಸೀಮೆಯ ನಾಲೆಯ ಕೊನೆ ಭಾಗದಲ್ಲಿ ಭತ್ತ, ಕಬ್ಬು ಬೆಳೆದುಕೊಂಡಿದ್ದವಳಿಗೆ ಇದು ದೊಡ್ಡ ಜವಾಬ್ದಾರಿ.

ಕೂತದ್ದೇ ಬರಗಾಲದಲ್ಲಿ. 2023ರಲ್ಲಿ ಕನ್ನಂಬಾಡಿ ಕಟ್ಟೆ ತುಂಬುವ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ನಾಲೆಗೆ ಸರದಿ ಮೇಲೆ ಬಿಡುವ ಕಟ್ಟು ನೀರು ನಮ್ಮ ತನಕ ಬರುವುದೇ ಕಷ್ಟವಾಗಿತ್ತು. ಊರಿನ ಬೋರ್‌ವೆಲ್ಲೂ ಬತ್ತಿತು. ಆಗ ಕೆರೆ ಏರಿ ಕೆಳಗಿನ ತೋಟದ ಅಣ್ಣ ಕಬ್ಬಿಗೆ ಬಿಡುತ್ತಿದ್ದ ತಮ್ಮ ಬೋರಿನ ನೀರನ್ನು ಊರಿನ ಟ್ಯಾಂಕಿಗೆ ತಿರುಗಿಸಿದರು. "ಕಬ್ಬು ಮತ್ತೆ ನೆಡಬಹುದು ಕಣವ್ವ, ಮೊದ್ಲು ಜನ ನೀರು ಕುಡೀಲಿ" ಅಂದರು. ಪಂಚಾಯ್ತಿಯಿಂದ ಬೋರಿನ ಬಾಡಿಗೆ ಹಣ ತಡವಾದರೂ ಒಂದು ದಿನವೂ ಆಫೀಸಿಗೆ ಬಂದು ಕೇಳಲಿಲ್ಲ. ಕಣ್ಣೆದುರೇ ಒಣಗುವ ಬೆಳೆ ನೋಡಿಕೊಂಡಿರುವುದು ಎಂಥ ಸಂಕಟ ಅಂತ ರೈತರಿಗೆ ಹೇಳಬೇಕಿಲ್ಲ, ಅಲ್ವಾ? ಅಣ್ಣ, ನಿಮ್ಮ ಋಣ ದೊಡ್ಡದು. ತ್ರೀ ಫೇಸ್ ಕರೆಂಟ್ ಬಂದ ಹೊತ್ತಿಗೆ, ನಡುರಾತ್ರಿಯಾದರೂ ಎದ್ದು ಮೋಟಾರ್ ಹಾಕಿದ ನಮ್ಮ ನೀರುಗಂಟಿಗೂ ಕೈ ಮುಗಿಯುತ್ತೇನೆ.

ನರೇಗಾದಲ್ಲಿ ಕೆರೆಯ ಹೂಳೆತ್ತಲು ಬಂದ ಅಕ್ಕ ತಂಗಿಯರಿಗೆ ವಂದನೆ. ಆ ವರ್ಷ ದಿನದ ಕೂಲಿ 316 ರೂಪಾಯಿ. ಗಂಡಾಳಿಗೊಂದು, ಹೆಣ್ಣಾಳಿಗೊಂದು ಕೂಲಿ ನೋಡಿಕೊಂಡೇ ಬೆಳೆದವಳು ನಾನು. ನಿಮ್ಮ ಖಾತೆಗೂ ಗಂಡಸರಷ್ಟೇ ಹಣ ಬಂತಲ್ಲ, ಆ ಸಂತೋಷ ನನಗೆ ಜಾಸ್ತಿ.

ಗ್ರಾಮ ಸಭೆಯಲ್ಲಿ ಜಮಾ ಖರ್ಚು ಓದಿಸಿ, ಸಾಲು ಸಾಲಾಗಿ ಪ್ರಶ್ನೆ ಕೇಳಿದವರಿಗೂ ಧನ್ಯವಾದ. ನಿಮ್ಮಿಂದಲೇ ನಾನು ಲೆಕ್ಕ ಕಲಿತೆ. ಮೊದಮೊದಲು ಕೆಲವರು ನಮ್ಮ ಯಜಮಾನರ ಮುಖ ನೋಡಿ ಪ್ರಶ್ನೆ ಕೇಳುತ್ತಿದ್ದರು. "ಅಧ್ಯಕ್ಷೆ ಅವಳು, ಅವಳನ್ನೇ ಕೇಳಿ" ಅಂತ ಹೇಳಿ ಅವರು ಹಿಂದಿನ ಸಾಲಿಗೆ ಹೋಗಿ ಕೂತರು. ಅವರಿಗೆ ಮನೆಯಲ್ಲಿ ಇದನ್ನೆಲ್ಲ ಹೇಳಿಲ್ಲ, ಇಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದೇನೆ.

ಇನ್ನು ಮುಯ್ಯಾಳಿನ ಬಾಕಿ, ಅಂದರೆ ಕೂಲಿಯಿಲ್ಲದೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿದು ತೀರಿಸುವ ಲೆಕ್ಕ. ನಮ್ಮ ಗದ್ದೆ ನಾಟಿಗೆ ಬೀದಿಯ ಹೆಂಗಸರೆಲ್ಲ ಬಂದಿರಿ. ನಾನು ಸಭೆ, ತಾಲ್ಲೂಕು ಕಚೇರಿ ಅಂತ ಓಡಾಡಿ ನಿಮ್ಮ ಗದ್ದೆಗೆ ಬರಲಾಗಲಿಲ್ಲ. ನನ್ನ ವಾರಗಿತ್ತಿ ಹಸು, ಡೇರಿ ನೋಡಿಕೊಂಡು, ನನ್ನ ಪಾಲಿನ ಮುಯ್ಯಿಯನ್ನೂ ಒಂದಷ್ಟು ತೀರಿಸಿದಳು. ಉಳಿದದ್ದು ನನ್ನದು. ಈ ಮುಂಗಾರಿಗೆ ಯಾರ ಗದ್ದೆ ಮೊದಲು ಅಂತ ನೀವೇ ಮಾತಾಡಿಕೊಂಡು ಹೇಳಿ, ಬರುತ್ತೇನೆ.