ಬಣ್ಣ ಬದಲಿಸುವ ಅವಕಾಶ ಸಾಕು, ಬ್ಯಾಟರಿ ಬದಲಿಸುವ ಅವಕಾಶ ಕೊಡಿ

ಸಂಪಾದಕರಿಗೆ ನಮಸ್ಕಾರ.

ಹೊಸ ಫೋನು ಕೊಳ್ಳುವವರಿಗೆ ಸಲಹೆ ಕೊಡುವ ಬರಹವೊಂದನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳುವ ಫೋನು ಬೇಕೋ, ಕೈಗೆ ಬಂದ ಕೂಡಲೇ ಸುಮ್ನೆ ಕೆಲಸ ಮಾಡುವ ಫೋನು ಬೇಕೋ, ಮೊದಲು ಅದನ್ನು ತೀರ್ಮಾನ ಮಾಡಿ ಅಂತ ಅದರಲ್ಲಿತ್ತು. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅಲ್ಲಿಗೇ ನಿಲ್ಲಿಸಿದರೆ ಕೊಳ್ಳುವವರಿಗೆ ಅರ್ಧ ವಿಷಯ ಮಾತ್ರ ಹೇಳಿದ ಹಾಗೆ. ನಾನು ಎರಡೂ ಕಡೆ ಇದ್ದು ಬಂದವನು, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ಮೊದಲ ಸ್ಮಾರ್ಟ್‌ಫೋನ್ ಕೈಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ ಅದನ್ನು ರೂಟ್ ಮಾಡಿದ್ದು. ಅಂದರೆ ತಯಾರಕರು ಹಾಕಿದ್ದ ಬೀಗ ತೆಗೆದು ಪೂರ್ತಿ ಹಿಡಿತ ನಾನೇ ತೆಗೆದುಕೊಂಡದ್ದು. ಆಮೇಲೆ ಕಸ್ಟಮ್ ರೋಮ್, ಅಂದರೆ ಕಂಪನಿ ಕೊಟ್ಟದ್ದರ ಬದಲು ಹಾಕಿಕೊಳ್ಳುವ ಬೇರೆ ಆಪರೇಟಿಂಗ್ ಸಿಸ್ಟಮ್, ಹೋಮ್ ಸ್ಕ್ರೀನನ್ನೇ ಬದಲಿಸುವ ಹೊಸ ಲಾಂಚರ್, ಬೇರೆ ಐಕಾನು, ಬೇರೆ ಅಕ್ಷರ, ಕೊನೆಗೆ ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡಬೇಕು ಅನ್ನುವುದು ಕೂಡ ನನ್ನದೇ ತೀರ್ಮಾನ. ಆ ದಿನಗಳಲ್ಲಿ ಸಯನೋಜೆನ್‌ಮಾಡ್ ಅಂತ ಒಂದಿತ್ತು. 2009ರಲ್ಲಿ ಶುರುವಾದದ್ದು, ಆಸಕ್ತರೇ ಸೇರಿ ಆಂಡ್ರಾಯ್ಡ್ ಅನ್ನು ತಿದ್ದಿ ಕಟ್ಟುತ್ತಿದ್ದ ಆವೃತ್ತಿ. ತಯಾರಕರು ಕೈಬಿಟ್ಟ ಎಷ್ಟೋ ಫೋನುಗಳು ಅದರಿಂದ ಇನ್ನೂ ಒಂದೆರಡು ವರ್ಷ ಬದುಕಿದವು. 2016ರ ಕೊನೆಗೆ ಅದು ನಿಂತಿತು, ಅದರ ಮುಂದುವರಿಕೆಯಾಗಿ ಲಿನಿಯೇಜ್‌ಒಎಸ್ ಬಂತು. ರಾತ್ರಿ ಹೊಸ ಫೈಲು ಇಳಿಸಿಕೊಂಡು ಹಾಕುವುದು, ಬೆಳಿಗ್ಗೆ ಎದ್ದು ಏನು ಸರಿಹೋಗಿದೆ, ಏನು ಕೆಟ್ಟಿದೆ ಅಂತ ನೋಡುವುದು, ಇದರಲ್ಲಿ ನಿಜವಾದ ಸಂತೋಷ ಇತ್ತು. ಫೋನಿನ ಒಳಗೆ ಏನು ನಡೆಯುತ್ತದೆ ಅಂತ ನನಗೆ ಇವತ್ತು ಗೊತ್ತಿರುವುದೆಲ್ಲ ಆಗ ಕಲಿತದ್ದೇ. ಹಾಗಾಗಿ ಬದಲಾಯಿಸಿಕೊಳ್ಳುವವರನ್ನು ಹೊತ್ತು ಹೋಗದವರು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಒಂದು ರಾತ್ರಿ ಬೇರೆ ಮಾಡೆಲ್‌ನ ಫೈಲನ್ನು ನನ್ನ ಫೋನಿಗೆ ಹಾಕಿಬಿಟ್ಟೆ. ಲೋಗೋ ಬರುತ್ತದೆ, ಆರಿಹೋಗುತ್ತದೆ, ಮತ್ತೆ ಲೋಗೋ. ಬೆಳಗಿನ ಜಾವದವರೆಗೂ ಅದರ ಮುಂದೆ ಕೂತಿದ್ದೆ. ಅದೇ ರಾತ್ರಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದರು, ಅಮ್ಮ ಮೇಲಿಂದ ಮೇಲೆ ನನಗೆ ಫೋನು ಮಾಡುತ್ತಲೇ ಇದ್ದರು. ನನಗೆ ವಿಷಯ ಗೊತ್ತಾದದ್ದು ಬೆಳಿಗ್ಗೆ, ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದಾಗ. ಅಪ್ಪ ಚೇತರಿಸಿಕೊಂಡರು. ಆದರೆ ಫೋನು ನನ್ನೊಬ್ಬನದೇ ವಸ್ತು, ಅದನ್ನು ನಾನು ಏನು ಬೇಕಾದರೂ ಮಾಡಬಹುದು ಅಂತ ಆಮೇಲೆ ಯಾವತ್ತೂ ಅನ್ನಿಸಿಲ್ಲ. ಅದರ ಇನ್ನೊಂದು ತುದಿಯಲ್ಲಿ ಯಾರೋ ಇರುತ್ತಾರೆ.

ಇಷ್ಟಾದ ಮೇಲೂ ಇನ್ನೊಂದು ತಪ್ಪು ಮಾಡಿದೆ. ಅಮ್ಮನಿಗೆ ಸ್ಮಾರ್ಟ್‌ಫೋನ್ ಕೊಡಿಸಿದಾಗ ಅದನ್ನೂ ನನ್ನ ರುಚಿಗೆ ತಕ್ಕಂತೆ ಜೋಡಿಸಿದೆ. ದೊಡ್ಡ ಬಟನ್ನು, ನಾನೇ ಆರಿಸಿದ ಲಾಂಚರ್, ಎಡಕ್ಕೆ ಎಳೆದರೆ ಒಂದು, ಮೇಲಕ್ಕೆ ಎಳೆದರೆ ಇನ್ನೊಂದು. ಒಂದು ಅಪ್‌ಡೇಟ್ ಬಂದು ಆ ಜೋಡಣೆಯೆಲ್ಲ ಅದಲು ಬದಲಾಯಿತು. "ಹೋದ ವಾರ ಇಲ್ಲೇ ಇತ್ತಲ್ಲೋ" ಅಂತ ಅಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಪಾಪ, ತಮ್ಮಿಂದಲೇ ಏನೋ ತಪ್ಪಾಯಿತು ಅಂದುಕೊಂಡು ನಾಲ್ಕು ದಿನ ಫೋನು ಮುಟ್ಟಿರಲಿಲ್ಲ. ಪಕ್ಕದ ಮನೆಯ ಅಜ್ಜಿಯ ಹತ್ತಿರವೂ ಅದೇ ಮಾಡೆಲ್ ಇತ್ತು. ಅವರಿಬ್ಬರು ಕೂತು ಒಬ್ಬರಿಗೊಬ್ಬರು ಕಲಿಸಿಕೊಳ್ಳಬಹುದಿತ್ತು. ಅಮ್ಮನ ಫೋನನ್ನು ಬೇರೆ ಯಾವ ಫೋನಿನ ಥರಾನೂ ಇಲ್ಲದ ಹಾಗೆ ಮಾಡಿ ಆ ದಾರಿಯನ್ನೂ ನಾನೇ ಮುಚ್ಚಿದ್ದೆ.

ಯಾಕೆ ಹೀಗೆ ಕೆಡುತ್ತದೆ ಅಂತ ಯೋಚಿಸಿದರೆ ಉತ್ತರ ಸುಲಭದ ಲೆಕ್ಕದಲ್ಲಿದೆ. ಒಂದು ಗ್ಯಾಜೆಟ್‌ನಲ್ಲಿ ಆನ್ ಅಥವಾ ಆಫ್ ಮಾಡಬಹುದಾದ 10 ಸೆಟ್ಟಿಂಗ್ ಇದ್ದರೆ ಅದು 1,024 ಬೇರೆ ಬೇರೆ ಸ್ಥಿತಿಯಲ್ಲಿ ಇರಬಹುದು. ಇಪ್ಪತ್ತಾದರೆ 10,48,576. ಇಷ್ಟನ್ನೂ ಪರೀಕ್ಷೆ ಮಾಡಿ ಮಾರುಕಟ್ಟೆಗೆ ಬಿಡಲು ಯಾರಿಂದಲೂ ಆಗುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ ಪರೀಕ್ಷೆ ಆಗಿರುವುದು ಪೆಟ್ಟಿಗೆಯಿಂದ ತೆಗೆದಾಗ ಹೇಗಿತ್ತೋ ಆ ಸ್ಥಿತಿ. ನಾವು ಅಲ್ಲಿಂದ ಒಂದೊಂದು ಹೆಜ್ಜೆ ದೂರ ಹೋದಂತೆ, ನಮಗಿಂತ ಮೊದಲು ಯಾರೂ ನಡೆಯದ ದಾರಿಗೆ ಹತ್ತಿರವಾಗುತ್ತೇವೆ. ಅಲ್ಲಿ ಎಡವಿದರೆ ಎತ್ತುವವರು ಇರುವುದಿಲ್ಲ. ರೂಟ್ ಮಾಡಿದ ಫೋನಿನಲ್ಲಿ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ತೆರೆದುಕೊಳ್ಳುವುದೇ ಇಲ್ಲ. ಆ ಫೋನು ಯಾವ ಸ್ಥಿತಿಯಲ್ಲಿದೆ ಅಂತ ಅವಕ್ಕೆ ಖಾತ್ರಿ ಇಲ್ಲ, ಅದಕ್ಕೇ.

ಈ ಜಗಳ ಫೋನಿನಿಂದ ಶುರುವಾದದ್ದೂ ಅಲ್ಲ. ಕಂಪ್ಯೂಟರಿನಲ್ಲಿ ಲಿನಕ್ಸ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್ ಬಳಸುವವರಲ್ಲಿ ಕೆಡಿಇ ಮತ್ತು ಗ್ನೋಮ್ ಅಂತ ಎರಡು ಗುಂಪು. ಇವೆರಡೂ ಪರದೆಯ ಮೇಲಿನ ಮೆನು, ಕಿಟಕಿಗಳನ್ನು ನೋಡಿಕೊಳ್ಳುವ ತಂತ್ರಾಂಶಗಳು. ಕೆಡಿಇಯಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ಬದಲಾಯಿಸಬಹುದು. ಗ್ನೋಮ್ ತನ್ನ 2002ರ ಆವೃತ್ತಿಯಿಂದ ಸೆಟ್ಟಿಂಗ್‌ಗಳನ್ನು ಕಡಿಮೆ ಮಾಡುವ ದಾರಿ ಹಿಡಿಯಿತು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರೇ 2005ರಲ್ಲಿ ಗ್ನೋಮ್ ಬಿಟ್ಟು ಕೆಡಿಇ ಬಳಸಿ ಎಂದು ಬಹಿರಂಗವಾಗಿ ಹೇಳಿದ್ದರು. ಮುಂದೆ ಅವರೇ ಮತ್ತೆ ಗ್ನೋಮ್‌ಗೆ ಬಂದರು. ಅಷ್ಟು ತಿಳಿದವರಿಗೇ ಬೇಕಾದ್ದು ವರ್ಷ ಕಳೆದಂತೆ ಬದಲಾಗುತ್ತದೆ ಅಂದರೆ, ನೀವು ಈ ಥರದವರು ಅಂತ ಕೊಳ್ಳುವವರಿಗೆ ಒಂದೇ ಸಲ ಮುದ್ರೆ ಒತ್ತುವುದು ಸರಿಯಲ್ಲ ಅಲ್ವಾ?

ಇಲ್ಲಿಯವರೆಗೆ ಓದಿದವರು ಇವನು ಸುಮ್ನೆ ಕೆಲಸ ಮಾಡುವ ಗ್ಯಾಜೆಟ್ ಕಡೆಯವನು ಅಂದುಕೊಂಡಿರಬಹುದು. ಹೌದು, ದಿನಾ ಬಳಸುವ ವಸ್ತುವಿನ ವಿಷಯದಲ್ಲಿ ನಾನು ಆ ಕಡೆಯೇ. ಆದರೆ ಅದಕ್ಕೆ ಒಂದು ಷರತ್ತಿದೆ, ಮತ್ತು ನಿಮ್ಮ ಬರಹದಲ್ಲಿ ಇಲ್ಲದೇ ಹೋದದ್ದು ಅದೇ.

ಸುಮ್ನೆ ಕೆಲಸ ಮಾಡುವ ವಸ್ತು ಒಂದು ದಿನ ಕೆಲಸ ನಿಲ್ಲಿಸುತ್ತದೆ. ಆ ದಿನ ನಮ್ಮ ಕೈಯಲ್ಲಿ ಏನಿರುತ್ತದೆ?

ರಿವಾಲ್ವ್ ಅನ್ನುವ ಒಂದು ಸಾಧನ ಇತ್ತು. ಮನೆಯ ದೀಪ, ಬೀಗ, ಸೆನ್ಸರ್ ಎಲ್ಲವನ್ನೂ ಒಂದೇ ಆ್ಯಪ್‌ನಿಂದ ನಡೆಸುವ ಪುಟ್ಟ ಹಬ್. 2014ರಲ್ಲಿ ಆ ಕಂಪನಿಯನ್ನು ನೆಸ್ಟ್ ಅನ್ನುವ ಇನ್ನೊಂದು ಕಂಪನಿ ಕೊಂಡುಕೊಂಡಿತು, 2016ರ ಮೇ ತಿಂಗಳಲ್ಲಿ ಅದರ ಸರ್ವರ್ ನಿಲ್ಲಿಸಿತು. ಯಂತ್ರ ಕೆಟ್ಟಿರಲಿಲ್ಲ, ವೈರು ಸುಟ್ಟಿರಲಿಲ್ಲ. ದೂರದಲ್ಲೆಲ್ಲೋ ಇದ್ದ ಕಂಪ್ಯೂಟರ್ ಉತ್ತರ ಕೊಡುವುದನ್ನು ನಿಲ್ಲಿಸಿತು, ಅಷ್ಟೇ. ದುಡ್ಡು ಕೊಟ್ಟು ತಂದವರ ಮನೆಯಲ್ಲಿ ಅದು ಬರೀ ಪ್ಲಾಸ್ಟಿಕ್ ಆಗಿ ಕೂತಿತು.

ಪೆಬಲ್ ವಾಚಿನ ಕಥೆ ಬೇರೆ ಥರ. ಸರಳವಾದ ಸ್ಮಾರ್ಟ್‌ವಾಚ್, ಬಿಸಿಲಲ್ಲೂ ಕಾಣುವ ಪರದೆ, ಒಂದು ಸಲ ಚಾರ್ಜ್ ಮಾಡಿದರೆ ದಿನಗಟ್ಟಲೆ ನಡೆಯುತ್ತಿತ್ತು. ಆ ಕಂಪನಿಯೂ 2016ರ ಕೊನೆಗೆ ಮುಚ್ಚಿತು, 2018ರ ಜೂನ್ ಮುಗಿಯುವಾಗ ಅದರ ಸರ್ವರ್‌ಗಳೂ ನಿಂತವು. ಆದರೆ ವಾಚುಗಳು ಸಾಯಲಿಲ್ಲ. ಬಳಕೆದಾರರೇ ಸೇರಿ ರೆಬಲ್ ಅನ್ನುವ ಗುಂಪು ಕಟ್ಟಿ ಆ ಸೇವೆಗಳನ್ನು ತಾವೇ ನಡೆಸಲು ಶುರು ಮಾಡಿದರು. ವಾಚು ಯಾವ ಸರ್ವರನ್ನು ಕೇಳಬೇಕು ಅನ್ನುವುದನ್ನು ಬದಲಾಯಿಸಲು ದಾರಿ ಇತ್ತು, ಹಾಗಾಗಿ ಇದು ಆಯಿತು. ಆ ವಾಚಿನ ತಂತ್ರಾಂಶ ಕೈಬದಲಾಗುತ್ತಾ ಕೊನೆಗೆ ಗೂಗಲ್‌ಗೆ ಬಂದಿತ್ತು, 2025ರ ಜನವರಿಯಲ್ಲಿ ಗೂಗಲ್ ಅದರ ಬಹುಪಾಲನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ವಾಚು ಕಟ್ಟಿಕೊಂಡವರಲ್ಲಿ ಹೆಚ್ಚಿನವರು ಒಂದು ಸಾಲು ಕೋಡ್ ಬರೆದವರಲ್ಲ. ಬರೆಯಬಲ್ಲ ಕೆಲವರಿಗೆ ಬಾಗಿಲು ತೆರೆದಿತ್ತು, ಉಳಿದವರ ವಾಚೂ ಅದರಿಂದಲೇ ಉಳಿಯಿತು. ನಾನು ಸೆಟ್ಟಿಂಗ್ ಮುಟ್ಟುವವನಲ್ಲ, ನನಗ್ಯಾಕೆ ಇದೆಲ್ಲ ಅನ್ನುವವರು ಈ ಒಂದು ವಿಷಯ ನೆನಪಿಡಬೇಕು.

ನನ್ನ ಮಾತು ಇಷ್ಟೇ. ಬದಲಾಯಿಸುವುದು ಅಂದರೆ ಎರಡು ಥರ. ಐಕಾನಿನ ಬಣ್ಣ, ಗೋಡೆಚಿತ್ರ, ಮೆನು ಯಾವ ಕಡೆಯಿಂದ ಜಾರಿ ಬರಬೇಕು, ಇದು ಒಂದು. ಬ್ಯಾಟರಿ ತೆಗೆದು ಬೇರೆ ಹಾಕುವುದು, ಒಡೆದ ಪರದೆ ಬದಲಿಸುವುದು, ನಮ್ಮ ಫೋಟೋಗಳನ್ನೂ ಬರಹಗಳನ್ನೂ ಪೂರ್ತಿಯಾಗಿ ಎತ್ತಿಕೊಂಡು ಬೇರೆ ಕಂಪನಿಯ ಸಾಧನಕ್ಕೆ ಹೋಗುವುದು, ಇದು ಇನ್ನೊಂದು. ಜಾಹೀರಾತಿನಲ್ಲಿ ಸಿಗುವುದು ಮೊದಲನೆಯದು. ನಮಗೆ ಕಷ್ಟಕಾಲದಲ್ಲಿ ಬೇಕಾಗುವುದು ಎರಡನೆಯದು. ಇವೆರಡನ್ನೂ ಕಸ್ಟಮೈಸ್ ಅನ್ನುವ ಒಂದೇ ಚೀಲಕ್ಕೆ ತುಂಬಿದ್ದರಿಂದಲೇ ಇಷ್ಟು ಗೊಂದಲ.

ಎರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ ಅಂತ ಹೇಳುವವರಿಗೆ ನೋಕಿಯಾ 1100 ನೆನಪು ಮಾಡಬೇಕು. 2003ರಲ್ಲಿ ಬಂದದ್ದು, ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಮಾತಾಡಲು, ಮೆಸೇಜಿಗೆ, ತಲೆಯ ಮೇಲೊಂದು ಟಾರ್ಚು. ಅದಕ್ಕಿಂತ ಸುಮ್ನೆ ಕೆಲಸ ಮಾಡಿದ ಫೋನು ನಾನು ನೋಡಿಲ್ಲ. ಹಿಂದಿನ ಮುಚ್ಚಳ ಬೆರಳಲ್ಲೇ ಜಾರಿಸಿ ಬ್ಯಾಟರಿ ತೆಗೆಯಬಹುದಿತ್ತು, ಅದಕ್ಕೆ ಯಾರೂ ತಂತ್ರಜ್ಞರಾಗಬೇಕಿರಲಿಲ್ಲ. ಫೇರ್‌ಫೋನ್ 2 ಅನ್ನುವ ಸ್ಮಾರ್ಟ್‌ಫೋನ್ ಕೂಡ ಇದೆ, 2015ರದ್ದು. ಅದರ ಪರದೆಯನ್ನೇ ಯಾವ ಉಪಕರಣವೂ ಇಲ್ಲದೆ ಕೈಯಲ್ಲಿ ಬಿಚ್ಚಬಹುದು.

ತಯಾರಕರು ಹೇಳುವ ಕಾರಣಗಳಲ್ಲಿ ಹುರುಳಿಲ್ಲ ಅಂತಲ್ಲ. ಅಂಟು ಹಾಕಿ ಮುಚ್ಚಿದರೆ ಫೋನು ತೆಳ್ಳಗಾಗುತ್ತದೆ, ನೀರು ಒಳಗೆ ಹೋಗುವುದು ಕಷ್ಟವಾಗುತ್ತದೆ. ಹೀಗೆ ಮುಚ್ಚುವುದು ಹೊಸದೂ ಅಲ್ಲ. 1977ರ ಆಪಲ್ 2 ಕಂಪ್ಯೂಟರಿನಲ್ಲಿ ಹೆಚ್ಚುವರಿ ಕಾರ್ಡು ಸಿಕ್ಕಿಸಲು 8 ಜಾಗ ಇದ್ದವು, ಅದನ್ನು ರೂಪಿಸಿದ ಸ್ಟೀವ್ ವೋಜ್ನಿಯಾಕ್ ಹಟ ಹಿಡಿದು ಇಟ್ಟದ್ದು. ಅದೇ ಆಪಲ್‌ನ 1984ರ ಮ್ಯಾಕಿಂತಾಷ್ ಕಂಪ್ಯೂಟರಿನಲ್ಲಿ ಅಂಥ ಜಾಗ ಒಂದೂ ಇಲ್ಲ. ಬಿಚ್ಚಲು ಉದ್ದನೆಯ ವಿಶೇಷ ಸ್ಕ್ರೂಡ್ರೈವರ್ ಬೇಕು. ಅದನ್ನು ಕಟ್ಟಿದವರ ಸಹಿಗಳನ್ನು ಪೆಟ್ಟಿಗೆಯ ಒಳಗೋಡೆಯ ಮೇಲೆ ಅಚ್ಚು ಹಾಕಿದ್ದರು, ಬಿಚ್ಚದವರಿಗೆ ಅದು ಕಾಣುತ್ತಿರಲಿಲ್ಲ. ನನಗೆ ಆ ಯಂತ್ರದ ಮೇಲೆ ಪ್ರೀತಿಯೇ ಇದೆ. ಆದರೂ 128 ಕಿಲೋಬೈಟ್ ಮೆಮೊರಿ ಸಾಲದೆ ಹೋದಾಗ ಕೊಂಡವರು ಸುಲಭವಾಗಿ ಏನೂ ಮಾಡುವಂತಿರಲಿಲ್ಲ. 1987ರಲ್ಲಿ ಮ್ಯಾಕಿಂತಾಷ್ 2 ಬಂದಾಗ 6 ಜಾಗ ವಾಪಸು ಬಂದವು.

ಈಗಂತೂ ಎರಡು ಗುಂಪಿನ ನಡುವಿನ ಗೆರೆಯೇ ಮಸುಕಾಗಿದೆ. ಎಲ್ಲ ಮುಚ್ಚಿಟ್ಟದ್ದು ಅಂತ ಹೆಸರಾಗಿದ್ದ ಐಫೋನ್‌ನಲ್ಲಿ 2014ರಿಂದ ಬೇರೆಯವರ ಕೀಬೋರ್ಡು ಹಾಕಬಹುದು, 2020ರಿಂದ ಹೋಮ್ ಸ್ಕ್ರೀನಿನಲ್ಲಿ ವಿಜೆಟ್ ಇಡಬಹುದು, 2024ರಿಂದ ಐಕಾನನ್ನು ಬೇಕಾದ ಜಾಗದಲ್ಲಿ ಬಿಡಬಹುದು. ಆ ಕಡೆ ಮುಕ್ತ ಅಂತ ಹೆಸರಾಗಿದ್ದ ಆಂಡ್ರಾಯ್ಡ್ ಫೋನುಗಳಲ್ಲಿ ಉಗುರಿನಿಂದ ತೆಗೆಯುತ್ತಿದ್ದ ಹಿಂಬದಿ ಮುಚ್ಚಳ ಹೆಚ್ಚುಕಮ್ಮಿ ಮಾಯವಾಗಿದೆ. ಅಲಂಕಾರದ ಸ್ವಾತಂತ್ರ್ಯ ಎರಡೂ ಕಡೆ ಹೆಚ್ಚಿತು, ರಿಪೇರಿಯ ಸ್ವಾತಂತ್ರ್ಯ ಕಡಿಮೆಯಾಯಿತು. ಇದು ನನಗೆ ನಿಜವಾಗಿ ಬೇಸರದ ವಿಷಯ. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ಕಾನೂನು ಮಾತ್ರ ಸ್ವಲ್ಪ ಸಮಾಧಾನ. ಕೆಲವು ವಿನಾಯಿತಿ ಬಿಟ್ಟು, 2027ರ ಫೆಬ್ರವರಿಯಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆಯುವಂತಿರಬೇಕು ಅಂತ ಅದು ಹೇಳುತ್ತದೆ.

ಒಂದು ತಿದ್ದುಪಡಿ. ಸೆಟ್ಟಿಂಗ್‌ಗಳೆಲ್ಲ ಅಲಂಕಾರ ಅಂತ ನಾನು ಹೇಳಿದ ಹಾಗೆ ಕಂಡರೆ ಅದು ಸರಿಯಲ್ಲ. 2009ರಲ್ಲಿ ಐಫೋನಿಗೆ ವಾಯ್ಸ್‌ಓವರ್ ಬಂತು. ಪರದೆಯ ಮೇಲೆ ಏನಿದೆ ಅಂತ ಓದಿ ಹೇಳುವ ಸೌಲಭ್ಯ. ಬಟನ್ನೇ ಇಲ್ಲದ ನುಣುಪಾದ ಗಾಜನ್ನು ಕಣ್ಣು ಕಾಣದವರು ಬೆರಳಿನಿಂದ ಬಳಸುವಂತಾಯಿತು. ಪೆಟ್ಟಿಗೆಯಿಂದ ತೆಗೆದಾಗ ಅದು ಆಫ್ ಇರುತ್ತದೆ, ಬಹುಪಾಲು ಜನ ಜೀವಮಾನದಲ್ಲಿ ಒಮ್ಮೆಯೂ ಮುಟ್ಟುವುದಿಲ್ಲ. ಬೇಕಾದವರಿಗೆ ಅದಿಲ್ಲದೆ ಫೋನೇ ಇಲ್ಲ. ಅಕ್ಷರ ದೊಡ್ಡದು ಮಾಡುವುದು, ಬಣ್ಣ ಗುರುತಿಸಲು ಕಷ್ಟಪಡುವವರಿಗೆ ಬಣ್ಣ ಹೊಂದಿಸುವುದು, ಕೈ ನಡುಗುವವರಿಗೆ ತಟ್ಟುವ ಹೊತ್ತು ಹೆಚ್ಚಿಸುವುದು, ಇಂಥವನ್ನು ಸರಳತೆಯ ಹೆಸರಿನಲ್ಲಿ ಯಾರೂ ತೆಗೆಯಬಾರದು.

ಹಾಗಾಗಿ ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಹೊಸ ಗ್ಯಾಜೆಟ್ ಬಂದಾಗಲೆಲ್ಲ ಕ್ಯಾಮೆರಾ, ಪ್ರೊಸೆಸರ್, ಎಷ್ಟು ಥೀಮ್ ಇವೆ ಅಂತ ಬರೆಯುತ್ತೀರಿ. ಅದರ ಜೊತೆಗೆ ಮೂರೇ ಸಾಲು ಸೇರಿಸಿ. ಸುರಕ್ಷತೆಯ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ? 2023ರ ಪಿಕ್ಸೆಲ್ 8ಕ್ಕೂ 2024ರ ಗ್ಯಾಲಕ್ಸಿ ಎಸ್24ಕ್ಕೂ 7 ವರ್ಷ ಅಂತ ಕಂಪನಿಗಳೇ ಮಾತು ಕೊಟ್ಟಿವೆ, ಉಳಿದವರನ್ನೂ ಕೇಳಬಹುದು. ಬ್ಯಾಟರಿ ಬದಲಿಸಲು ಏನು ಮಾಡಬೇಕು? ಇಂಟರ್‌ನೆಟ್ ಇಲ್ಲದಿದ್ದರೆ ಅಥವಾ ಕಂಪನಿ ಮುಚ್ಚಿದರೆ ಇದು ಕೆಲಸ ಮಾಡುತ್ತದೆಯೇ? ಈ ಮೂರನ್ನು ಓದುಗರು ಅಂಗಡಿಯಲ್ಲಿ ನಿಂತು ತಿಳಿದುಕೊಳ್ಳುವುದು ಕಷ್ಟ. ನೀವು ಕೇಳಿದರೆ ಕಂಪನಿಯವರು ಉತ್ತರ ಕೊಟ್ಟೇ ಕೊಡುತ್ತಾರೆ.

ಅಮ್ಮನ ಫೋನಿಗೆ ಈಗ ಐದು ವರ್ಷ. ನಾನು ಹಾಕಿದ್ದನ್ನೆಲ್ಲ ತೆಗೆದು, ತಯಾರಕರು ಕೊಟ್ಟ ಹಾಗೇ ಬಿಟ್ಟಿದ್ದೇನೆ, ಅಕ್ಷರ ಮಾತ್ರ ದೊಡ್ಡದು. ಹೋದ ತಿಂಗಳು ಬ್ಯಾಟರಿ ಬದಲಿಸಲು ರಿಪೇರಿಯವರ ಹತ್ತಿರ ಕೊಟ್ಟಿದ್ದೆ. ಅಂಟು ಬಿಡಿಸಲು ಬಿಸಿ ಮಾಡಬೇಕು, ಪರದೆ ಒಡೆದರೆ ನಾವು ಜವಾಬ್ದಾರರಲ್ಲ ಅಂದರು. ಒಡೆಯಲಿಲ್ಲ. ಸಂಜೆ ಫೋನು ವಾಪಸು ಕೊಟ್ಟಾಗ ಅಮ್ಮ ಮೊದಲು ನೋಡಿದ್ದು ಎಲ್ಲವೂ ಹಳೆಯ ಜಾಗದಲ್ಲೇ ಇದೆಯಾ ಅಂತ. ಇತ್ತು. ಕೂಡಲೇ ಪಕ್ಕದ ಮನೆಯ ಅಜ್ಜಿಗೆ ಫೋನು ಮಾಡಿದರು.

ಇಂತಿ,
ನಿಮ್ಮ ಓದುಗ