ಸದ್ದಲೇ, ಬಸ್ಯಾ!

ಪ್ರೀತಿಯ ಬಸ್ಯಾ,

ಇದನ್ನು ನಿನಗೆ ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಎಲ್ಲರ ಮುಂದೆ ಯಾಕೆ ಹಾಕಿದೆ ಅಂತ ನೀನು ಕೇಳೇ ಕೇಳುತ್ತೀಯ. ಎರಡು ಕಾರಣ. ಉದ್ದದ್ದು ಏನು ಕಳಿಸಿದರೂ ನೀನು ಓದದೆ ಹೆಬ್ಬೆರಳು ಎತ್ತಿ ಸುಮ್ಮನಾಗುತ್ತೀಯ. ಇನ್ನೊಂದು ಕಾರಣ ಆಮೇಲೆ ಹೇಳುತ್ತೇನೆ, ಧೈರ್ಯ ಉಳಿದಿದ್ದರೆ.

ಓದುಗ ಮಹಾಶಯರಿಗೂ ನಮಸ್ಕಾರ. ಇವನು ಬಸ್ಯಾ. ಕಾರಟಗಿ ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಭತ್ತ ಬೆಳೆಯುತ್ತಾನೆ. ಶಾಲೆಯ ಲೈಬ್ರರಿಯಲ್ಲಿ ವೈಜ್ಞಾನಿಕ ಕಥೆಗಾರ ರಾಜಶೇಖರ ಭೂಸನೂರಮಠರ ಪುಸ್ತಕಕ್ಕೆ ನಾವಿಬ್ಬರೂ ಜಗಳ ಆಡುತ್ತಿದ್ದೆವು. ನಾನು ಮುಂದೆ ವೈಜ್ಞಾನಿಕ ಕಥೆ ಬರೆಯುವವನಾದೆ, ಇವನು ಬುದ್ಧಿವಂತನಾದ. ಕುಂಬಳಕಾಯಿ ರಾಕೆಟ್ಟಿನ ವಿಷಯ ಅವನೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಈ ಸಲ ಡ್ಯಾಮಿನ ಗೇಟ್ ಬದಲಿಸುವ ಕೆಲಸ ಅಂತ ಎರಡನೇ ಬೆಳೆಗೆ ನೀರಿಲ್ಲ, ಹೇಗೂ ನೀನು ಖಾಲಿ ಕೂತಿದ್ದೀಯ, ಓದು. ಜೋಕು ಚೆನ್ನಾಗಿಲ್ಲ ಅಂತ ಗೊತ್ತು. ಆದರೂ ಹೊರಗೆ ಬಂತು. ಇವತ್ತಿನ ವಿಷಯವೂ ಹೆಚ್ಚುಕಡಿಮೆ ಅದೇ.

ತುಂಗಭದ್ರಾ ಡ್ಯಾಮಿನ ಮೇಲೆ ನಾನು ಬರೆದ ಆ ಕಾದಂಬರಿಯ ಎರಡನೇ ಮುದ್ರಣ ಆಗುತ್ತಿದೆ. ಕುಣಿಯಬೇಡ, ಮೊದಲನೆಯದರಲ್ಲಿ ಇದ್ದದ್ದೇ 200 ಪ್ರತಿ. 2016ರಲ್ಲಿ ಅಮೆಜಾನಿನ ಇ-ಪುಸ್ತಕದ ಅಂಗಡಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು, ಕನ್ನಡ ಬರಲಿಲ್ಲ. ಅವತ್ತು ಬೈದುಕೊಂಡಿದ್ದಷ್ಟೇ. ಈಗ ನನ್ನ ಅಂಗಡಿ ಅಂದರೆ ಫೋನ್‌ಪೇ ಕ್ಯೂಆರ್ ಕೋಡು, ವಿಳಾಸ ಬರೆದುಕೊಳ್ಳುವ ಒಂದು ಎಕ್ಸೆಲ್ ಶೀಟು, ಹೆಂಡತಿ ಕೈಯಲ್ಲಿ ಅಗಲದ ಟೇಪು. ಪುಸ್ತಕಕ್ಕೆಂದೇ ಇದ್ದ ಅಗ್ಗದ ಬುಕ್ ಪೋಸ್ಟ್ ನಿಂತ ಮೇಲೆ ಅಂಚೆ ಖರ್ಚು ಕೇಳಿ ಕೆಲವರು ಮೆತ್ತಗೆ ಜಾಗ ಖಾಲಿ ಮಾಡುತ್ತಾರೆ. ಮಿಕ್ಕವರು ನನ್ನವರು. ಅವರ ಮೆಸೇಜಿಗೆಲ್ಲ ನಾನೇ ಉತ್ತರ ಕೊಡುತ್ತೇನೆ. ರಾತ್ರಿ ಹನ್ನೊಂದಕ್ಕೆ ಬಂದರೂ ಕೊಡುತ್ತೇನೆ. ನಿನ್ನ ಫೋನನ್ನೇ ಎತ್ತುವುದಿಲ್ಲ ಅಂತ ನೀನು ಹೇಳುವುದು ನಿಜ.

ನಮ್ಮಂಥ ಸ್ವಂತ ಖರ್ಚಿನ ಲೇಖಕರಿಗೆಲ್ಲ ಒಬ್ಬ ಕುಲದೇವರಿದ್ದಾನೆ, ಆಂಡಿ ವೀರ್. ಅಮೆರಿಕದ ಸಾಫ್ಟ್‌ವೇರ್ ಪ್ರೋಗ್ರಾಮರ್. 2009ರಿಂದ ‘ದಿ ಮಾರ್ಷಿಯನ್’ ಅನ್ನುವ, ಮಂಗಳ ಗ್ರಹದಲ್ಲಿ ಒಂಟಿಯಾಗಿ ಸಿಕ್ಕಿಕೊಂಡವನ ಕಾದಂಬರಿಯನ್ನು ಒಂದೊಂದೇ ಅಧ್ಯಾಯವಾಗಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಹಾಕಿದ. ಓದುವವರಲ್ಲಿ ಕೆಮಿಸ್ಟ್ರಿ ಬಲ್ಲವರಿದ್ದರು. ನಿನ್ನ ಲೆಕ್ಕ ತಪ್ಪು ಅಂತ ಬರೆದರು, ಇವನು ತಿದ್ದಿದ. ಕಿಂಡಲ್‌ನಲ್ಲಿ ಓದುವ ಹಾಗೆ ಮಾಡಿಕೊಡು ಅಂತ ಅವರೇ ಕೇಳಿದರು. 2011ರಲ್ಲಿ 99 ಸೆಂಟ್‌ಗೆ ಇಟ್ಟ. ಅದಕ್ಕಿಂತ ಕಡಿಮೆಗೆ ಇಡಲು ಅಲ್ಲಿ ಬಿಡುತ್ತಿರಲಿಲ್ಲ. ಮೂರು ತಿಂಗಳಲ್ಲಿ 35,000 ಪ್ರತಿ ಹೋದವು. 2014ರಲ್ಲಿ ದೊಡ್ಡ ಪ್ರಕಾಶಕರು ಅಚ್ಚು ಹಾಕಿದರು, 2015ರಲ್ಲಿ ಸಿನಿಮಾನೇ ಬಂತು. ಈ ಕಥೆಯನ್ನು ನಾನು ಹೆಂಡತಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ‘ಆಂಡಿ’ ಅಂದರೆ ಸಾಕು, ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ನಾನೂ ಹಾಗೇ ಮಾಡಿದೆ. ವಾರಕ್ಕೊಂದು ಅಧ್ಯಾಯ. ನನ್ನ ಲೆಕ್ಕ ಸರಳವಾಗಿತ್ತು. 1953ರಲ್ಲಿ ನಮ್ಮ ಡ್ಯಾಮು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಹಿಡಿಯುವುದು 105ರ ಹತ್ತಿರ. ಇದನ್ನೇ ಮುಂದಕ್ಕೆ ಎಳೆದು 2074ಕ್ಕೆ ಹೋದೆ. ಮೂರರಲ್ಲೊಂದು ಪಾಲಿಗೂ ಹೆಚ್ಚು ಹೂಳು. 33 ಗೇಟುಗಳನ್ನು ನಡೆಸುವುದು ಮನುಷ್ಯರಲ್ಲ, ಒಂದು ಯಂತ್ರ. ಒಂದು ರಾತ್ರಿ ಗೇಟ್ ಒಂದು ತುಕ್ಕು ಹಿಡಿದು ಒಡೆಯುತ್ತದೆ. ನೀರೆಲ್ಲ ಹೋಗುತ್ತದೆ.

ಆ ಅಧ್ಯಾಯ ಹಾಕಿದ ಮೇಲೆ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದರು. ಪ್ರೊಫೈಲ್ ಫೋಟೋದಲ್ಲಿ ಆಂಜನೇಯ. ಎಲ್ಲೋ ಡ್ಯಾಮಿನಲ್ಲಿ ಗೇಟ್ ಫಿಟ್ಟರ್ ಆಗಿ ರಿಟೈರ್ ಆದವರಂತೆ. ಹಿಂದೆ ಮಿಕ್ಸಿ ಸದ್ದು. “ಸರ, ನಿಮ್ಮ ಗೇಟ್ ಹಂಗ ಮುರಿಯಂಗಿಲ್ರಿ. ಗೇಟಿನ ಹಲಗಿ ಗಟ್ಟಿ ಇರ್ತೈತ್ರಿ. ಅದನ್ನ ಹಿಡಕೊಂಡು ನಿಂತಿದ್ದು ಚೈನು. ನೀವು ಚೈನ್ ಕಡೆ ನೋಡ್ರಿ.” ಆಮೇಲೆ ಇನ್ನೂ ಹೇಳಿದರು. ಒಂದು ಕಡೆ ಗೇಟು, ಇನ್ನೊಂದು ಕಡೆ ಅದರ ತೂಕಕ್ಕೆ ಸರಿಯಾದ ಭಾರ, ನಡುವೆ ಚೈನು. 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕು ಏರುವುದು ಇಳಿಯುವುದು ಎಲ್ಲ ಅದರ ಮೇಲೇ. ಒಂದು ಕೊಂಡಿ ಹೋಯಿತೋ, ಮುಗಿಯಿತು. ನಾನು ಅಧ್ಯಾಯ ತಿದ್ದಿದೆ. ಮುನ್ನುಡಿಯಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಅಂದೆ. “ಹೆಸರು ಬ್ಯಾಡ್ರಿ ಸರ, ಪುಸ್ತಕ ಕಳಸ್ರಿ ಸಾಕು” ಅಂದರು.

ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. 2024ರ ಆಗಸ್ಟ್ 10, ಶನಿವಾರ ರಾತ್ರಿ. ಹಿಂದಿನ ವರ್ಷ ಬರ, ಆ ವರ್ಷ ಡ್ಯಾಮು ತುಂಬಿತ್ತು. 19ನೇ ಗೇಟಿನ ಚೈನ್ ಕಡಿದು ಗೇಟು ನೀರಿನಲ್ಲಿ ಕೊಚ್ಚಿಕೊಂಡು ಹೋಯಿತು.

ಭಾನುವಾರ ಬೆಳಿಗ್ಗೆ ನಾನು ಬೆಂಗಳೂರಿನಲ್ಲಿ ಎದ್ದಾಗ ಫೋನು ಒಂದೇ ಸಮನೆ ಗುಂಯ್ ಅನ್ನುತ್ತಿತ್ತು. “ಸರ್, ನೀವು ಬರೆದದ್ದು ನಿಜ ಆಯ್ತು.” “ಸರ್, ಮೈ ಜುಮ್ ಅಂತು.” “ಸರ್, ಮುಂದೇನಾಗುತ್ತೆ ಹೇಳಿ.” ಮೈಲಾರದ ಜಾತ್ರೆಯ ಭವಿಷ್ಯವಾಣಿ, ಆ ಕಾರಣಿಕಕ್ಕೆ ಟ್ರ್ಯಾಕ್ಟರಿನಲ್ಲಿ ಹೋಗಿದ್ದೆವಲ್ಲ, ನೆನಪಿದೆಯಾ? ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಅಂದ ಕೂಡಲೇ ಅಷ್ಟೂ ಜನ ಗಪ್‌ಚಿಪ್. ಒಂದೇ ಸಾಲು ಹೇಳಿ ಅವನು ಮೇಲಿಂದ ಬೀಳುತ್ತಾನೆ. ಆಮೇಲೆ ವರ್ಷವಿಡೀ ಜನ ಅದಕ್ಕೆ ಅರ್ಥ ಹುಡುಕುತ್ತಾರೆ. ಮಳೆ ಬಂದರೂ ಅದೇ ಸಾಲು, ಬರದಿದ್ದರೂ ಅದೇ ಸಾಲು. ಆ ಭಾನುವಾರ ನಾನೇ ಗೊರವಯ್ಯ. ಅವನಾದರೂ ಉಪವಾಸ ಇದ್ದು ಬಿಲ್ಲು ಹತ್ತುತ್ತಾನೆ. ನಾನು ಮಸಾಲೆ ದೋಸೆ ತಿನ್ನುತ್ತಾ ಹತ್ತಿದೆ.

ಏನು ಮಾಡಿದೆ ಗೊತ್ತಲ್ಲ. ಚೈನ್ ಕಡಿಯುವ ಪುಟದ ಫೋಟೋ ತೆಗೆದೆ. ಮುದ್ರಣದ ಇಸವಿ ಕಾಣುವ ಪುಟವನ್ನೂ ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹಾಕಿದೆ. ಮೇಲೆ ಒಂದೇ ಸಾಲು: “ಬರೆಯುವಾಗ ಕೈ ನಡುಗಿತ್ತು.” ಲೇ, ಎಲ್ಲಿಯ ನಡುಗುವುದು! ಅದನ್ನು ಬರೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಕಂತಿನ ಗಡುವು ಮಾತ್ರ. ಚೈನ್ ನನ್ನದಲ್ಲ, ಆಂಜನೇಯನ ಫೋಟೋದವರದು. ಅದನ್ನೂ ಹೇಳಲಿಲ್ಲ. ಹೇಳಿದರೆ ಸಾಲಿನ ಖದರ್ ಹೋಗುತ್ತಿತ್ತು ಅನ್ನಿಸಿತು.

ಮಧ್ಯಾಹ್ನದೊಳಗೆ ಮನೆಯಲ್ಲಿದ್ದ ಪ್ರತಿಯೆಲ್ಲ ಬುಕ್ ಆದವು. ಟೇಪು ಸಾಲದೆ ಅಂಗಡಿಗೆ ಹೋದೆ.

ಆಗ ಆಂಜನೇಯನ ಫೋಟೋದವರ ವಾಯ್ಸ್ ಮೆಸೇಜ್ ಬಂತು. ನಾನು ಎದುರು ನೋಡಿದ್ದು ‘ಚೈನ್ ಅಂದಿದ್ನೆಲ್ರಿ’ ಅನ್ನುವ ಮಾತನ್ನ. ಅದಿರಲಿಲ್ಲ. “ಸರ, ನಿಮ್ಮ ಮಂದಿ ಯಾರಾರ ಹೊಳಿ ದಂಡಿಗೆ ಅದಾರೇನ್ರಿ? ಫೋನ್ ಮಾಡಿ ಕೇಳ್ರಿ.” ಇಷ್ಟೇ.

ನಿನಗೆ ಫೋನ್ ಮಾಡಿದ್ದು ಆಮೇಲೆ. ನಾನಾಗಿ ಮಾಡಿದ್ದಲ್ಲ ಅಂತ ನಿನಗೆ ಇಲ್ಲಿಯವರೆಗೂ ಹೇಳಿಲ್ಲ. ನೀನು ಕಾಲುವೆ ಹತ್ತಿರ ಇದ್ದೆ, ಗದ್ದಲದಲ್ಲಿ ಏನೂ ಕೇಳುತ್ತಿರಲಿಲ್ಲ. “ನಾಟಿ ಮುಗದೈತಿ, ನೀರು ಹೊಂಟೈತಿ ನೋಡಲೇ” ಅಂದೆ. ಗೇಟ್ ಕೂರಿಸಬೇಕಾದರೆ 60 ಟಿಎಂಸಿ ಹೊರಗೆ ಬಿಡಬೇಕಾಗಬಹುದು ಅಂತ ಸುದ್ದಿ ಓಡಾಡುತ್ತಿದ್ದ ದಿನ ಅದು. ನಾನು ಧೈರ್ಯ ಹೇಳಿದೆ. ಫೋನ್ ಇಟ್ಟು ಮತ್ತೆ ಪೋಸ್ಟ್ ತೆರೆದೆ. ಲೈಕ್ ಮಾಡಿದವರ ಪಟ್ಟಿಯಲ್ಲಿ ನಿನ್ನ ಹೆಸರಿತ್ತು. ನಾನು ಫೋನ್ ಮಾಡುವುದಕ್ಕೆ ಮುಂಚೆಯೇ ನೀನು ಅದನ್ನು ನೋಡಿದ್ದೆ. ನೋಡಿ ಹೆಬ್ಬೆರಳು ಎತ್ತಿದ್ದೆ. ಫೋನಿನಲ್ಲಿ ಅದರ ಸುದ್ದಿಯನ್ನೇ ಎತ್ತಲಿಲ್ಲ.

ಆ ಹೆಬ್ಬೆರಳಿಗೆ ಏನು ಅರ್ಥ ಬಸ್ಯಾ? ಉದ್ದದ್ದು ಓದದೆ ಒತ್ತಿದ್ದಾ? ಅಥವಾ ಓದಿ ಒತ್ತಿದ್ದಾ?

ಇನ್ನೊಂದು ಇದೆ. ಇದನ್ನು ಬರೆಯುವುದು ಬೇಡ ಅಂದುಕೊಂಡೇ ಶುರು ಮಾಡಿದ್ದೆ. ನನ್ನ ಕಥೆಯಲ್ಲಿ ಗೇಟ್ ಮತ್ತೆ ಕೂರುವುದಿಲ್ಲ, ಡ್ಯಾಮು ಬರಿದಾಗುತ್ತದೆ. ಆ ವಾರವೆಲ್ಲ ಆಫೀಸಿನಲ್ಲಿ ಕೂತು ಟಿವಿ ಸುದ್ದಿ ನೋಡಿದೆ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಆ ವಯಸ್ಸಿನಲ್ಲಿ ಬಿಸಿಲಲ್ಲಿ ನಿಂತಿದ್ದರು. ನೀರು ಹರಿಯುತ್ತಿದ್ದ ಹಾಗೆಯೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲಿಗೆ ತಾತ್ಕಾಲಿಕ ಉಕ್ಕಿನ ತಡೆ, ಇಳಿಸಿದರು. ಆಗಸ್ಟ್ 17ಕ್ಕೆ ಕೆಲಸ ಮುಗಿಯಿತು, ನೀರು ನಿಂತಿತು. ಆಫೀಸಿನಲ್ಲಿ ನಮ್ಮ ಕಡೆಯವರೆಲ್ಲ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಖುಷಿ ಸುಳ್ಳಲ್ಲ. ಆದರೆ ಅದಕ್ಕೆ ಒಂದು ಗಳಿಗೆ ಮುಂಚೆ ಒಳಗೆ ಏನೋ ಒಂದು ಸಪ್ಪಗಾಯಿತು. ‘ಅಯ್ಯೋ, ಇಷ್ಟೇನಾ’ ಅನ್ನುವ ಥರ. ಕಥೆಯ ಮುಂದಿನ ಅಧ್ಯಾಯ ನಿಜವಾಗಲಿಲ್ಲ ಅಂತ. ಆ ಅಧ್ಯಾಯದಲ್ಲಿ ಒಣಗುವುದು ನಿನ್ನ ಗದ್ದೆ ಕಣೋ. ಊರಿನ ಹೆಸರು ಬದಲಿಸಿದ್ದೇನೆ, ಬದುವಿನ ಮೇಲಿನ ಜಾಲಿ ಗಿಡ ನಿಮ್ಮದೇ.

ಆಂಡಿ ವೀರ್‌ಗೆ ಈ ಕಷ್ಟ ಇಲ್ಲ. ಮಂಗಳ ಗ್ರಹದ ಗಾಳಿ ಬಹಳ ತೆಳು, ಅವನ ಕಥೆಯ ಬಿರುಗಾಳಿ ಅಲ್ಲಿ ಏನನ್ನೂ ಕೆಡವಲಾರದು. ಅದು ಅವನಿಗೂ ಗೊತ್ತಿತ್ತು, ಕಥೆಗೆ ಬೇಕು ಅಂತ ಇಟ್ಟುಕೊಂಡ. ಇಟ್ಟುಕೊಳ್ಳಲಿ. ಅವನು ಬರೆದದ್ದು ಸುಳ್ಳಾದರೂ ನಿಜವಾದರೂ ಮಂಗಳದಲ್ಲಿ ಯಾರ ನಾಟಿಯೂ ಹಾಳಾಗುವುದಿಲ್ಲ.

ಈಗ ಇದೆಲ್ಲ ಯಾಕೆ ಎದ್ದು ಬಂತೆಂದರೆ, ನಿನ್ನೆ ಮುಖಪುಟ ಮಾಡುವ ಹುಡುಗ ಬೆನ್ನಪುಟದ ಪ್ರೂಫ್ ಕಳಿಸಿದ. ಅಲ್ಲಿ ಕೆಂಪಕ್ಷರದಲ್ಲಿ ಹೀಗಿದೆ: “ಗೇಟ್ ಮುರಿಯುವ ಮೊದಲೇ ಗೇಟ್ ಮುರಿದ ಕಥೆ!” ಚೆನ್ನಾಗಿದೆ, ಅಲ್ವಾ? ಮಾರಾಟವಾಗುತ್ತದೆ. ಓದುಗರೇ ಬೇಡಿದ ಸಾಲು. ಓಕೆ ಅಂತ ಒಂದು ಮೆಸೇಜ್ ಹಾಕಿದರೆ ಇವತ್ತೇ ಪ್ರಿಂಟಿಗೆ ಹೋಗುತ್ತದೆ. ಅವನು ಎರಡು ಸಲ ಜ್ಞಾಪಿಸಿದ. ನಾನು ಅದಕ್ಕೆ ಉತ್ತರ ಬರೆಯುವ ಬದಲು ನಿನಗೆ ಪತ್ರ ಬರೆಯುತ್ತಾ ಕೂತಿದ್ದೇನೆ.

ಎರಡನೇ ಕಾರಣ ಹೇಳುತ್ತೇನೆ ಅಂದಿದ್ದೆ. ನಿನಗೊಬ್ಬನಿಗೇ ಬರೆದರೆ ನೀನು ‘ಹೋಗ್ಲಿ ಬಿಡಲೇ’ ಅಂದುಬಿಡುತ್ತೀಯ. ವಿಷಯ ಅಲ್ಲಿಗೇ ಮುಗಿಯುತ್ತದೆ. ಇಲ್ಲಿ ಹಾಕಿದರೆ ನಾಲ್ಕು ಜನ ‘ಎಷ್ಟು ಪ್ರಾಮಾಣಿಕರು ಸರ್ ನೀವು’ ಅನ್ನುತ್ತಾರೆ. ಅದೂ ಬೇಕು ಅನ್ನಿಸುತ್ತಿದೆ. ರೋಗ ಎಲ್ಲಿಗೆ ಬಂದಿದೆ ನೋಡು. ಈ ಪತ್ರಕ್ಕೆ ಎಷ್ಟು ಲೈಕ್ ಬರುತ್ತದೆ ಅಂತ ಒಳಗೊಬ್ಬ ಆಗಲೇ ಎಣಿಸುತ್ತಾ ಕೂತಿದ್ದಾನೆ. ಅವನಿಗೆ ಮಂಡಕ್ಕಿ ಮಿರ್ಚಿ ಕೊಟ್ಟು ಕೂರಿಸಿದ್ದೇನೆ.

ಇರಲಿ, ತುಂಬಾ ಆಯಿತು. ಬಿಲ್ಲಿನಿಂದ ಇಳಿಯುತ್ತೇನೆ. ಹಿಡಿದುಕೊಳ್ಳುವವರು ಯಾರೂ ಇದ್ದ ಹಾಗಿಲ್ಲ, ಮೆಲ್ಲಗೆ ಇಳಿಯುತ್ತೇನೆ.

ಹೊಸ ಕಾದಂಬರಿಯನ್ನು ಶನಿಯ ಚಂದ್ರ ಟೈಟನ್‌ಗೆ ಸಾಗಿಸಿದ್ದೇನೆ. ಹುಷಾರಾಗಿದ್ದೇನೆ ಅಂತ ಇಟ್ಟುಕೋ. ಸೊನ್ನೆಗಿಂತ 179 ಡಿಗ್ರಿ ಕೆಳಗೆ, ಯಾರ ಗದ್ದೆಯೂ ಇಲ್ಲ, ಬಸ್ಯಾನೂ ಇಲ್ಲ. ಮೀಥೇನಿನ ಹೊಳೆಗಳು ಹರಿಯುತ್ತವೆ, ಕೆರೆಗಳಿವೆ. ಮೊದಲ ಅಧ್ಯಾಯ ಹಾಕಿ ಅರ್ಧ ಗಂಟೆ ಆಗಿರಲಿಲ್ಲ, ಆಂಜನೇಯನ ಫೋಟೋದಿಂದ ವಾಯ್ಸ್ ಮೆಸೇಜ್. “ಸರ, ಅಲ್ಲಿ ಹೊಳಿ ಅದಾವ ಅಂದ್ರ ಒಂದಿನ ಡ್ಯಾಮ್ ಕಟ್ಟತೀರಿ. ಅಷ್ಟ ಥಂಡಿಗೆ ಉಕ್ಕು ಗಾಜಿನಂಗ ಒಡೀತೈತ್ರಿ. ಚೈನಿಗೆ ಏನ್ ಹಾಕ್ತೀರಿ?” ಡ್ಯಾಮ್ ಕಟ್ಟುವ ಯೋಚನೆಯೇ ನನಗಿರಲಿಲ್ಲ. ಈಗ ಕಟ್ಟಲೇಬೇಕು.

ಅವ್ವನ ಮಂಡಿ ನೋವು ಹೇಗಿದೆ? ಸೋನಾ ಮಸೂರಿ ಒಂದು ಚೀಲ ಇಡು, ಹಬ್ಬಕ್ಕೆ ಬಂದಾಗ ಒಯ್ಯುತ್ತೇನೆ. ಮತ್ತೆ, ಮೊದಲ ಮುದ್ರಣದ ಪ್ರತಿ ನೀನು ಒಂದು ತಗೊಂಡಿದ್ದೆ, ದುಡ್ಡು ಇನ್ನೂ ಬಂದಿಲ್ಲ. 180 ರೂಪಾಯಿ. ಒಣಗಿದ ಗದ್ದೆಯ ಮಾಲೀಕರಿಗೆ ರಿಯಾಯಿತಿ ಕೇಳಬಹುದು, ಕೊಡುವುದು ಬಿಡುವುದು ಪ್ರಕಾಶಕರ ಮರ್ಜಿ. ಪ್ರಕಾಶಕಿ ಅಡುಗೆಮನೆಯಲ್ಲಿದ್ದಾಳೆ, ಕೇಳಿ ಹೇಳುತ್ತೇನೆ.

ನಿನ್ನ,
ಗೊರವಯ್ಯ